ಪರಿಸರಕ್ಕಾಗಿ ಕೆಲಸ ಮಾಡಬೇಕು, ಆದರೆ ಯಾವ ದಾರಿಯಲ್ಲಿ? ಕರಾವಳಿಯವರಿಗೊಂದು ಹೋಲಿಕೆ

ನನ್ನ ತಂಗಿಯ ಮಗಳು ಸುರತ್ಕಲ್‌ನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಮೊನ್ನೆ ಊಟಕ್ಕೆ ಕೂತಾಗ ಕೇಳಿದಳು: "ದೊಡ್ಡಮ್ಮ, ನನಗೆ ಆದಿತ್ಯವಾರ ಒಂದೇ ರಜೆ. ಬೀಚ್ ಕ್ಲೀನ್ ಮಾಡುವವರ ಜೊತೆ ಹೋಗುವುದಾ, ಇಲ್ಲ ಹೋರಾಟ ಸಮಿತಿಯವರ ಜೊತೆಯಾ? ಯಾವುದರಿಂದ ನಿಜವಾಗಿ ಏನಾದರೂ ಆಗ್ತದೆ?"

ಆ ಹೊತ್ತಿಗೆ ಏನೋ ಒಂದು ಹೇಳಿದೆ. ಆದರೆ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು. ನಮ್ಮಲ್ಲಿ ಗಿಡ ನೆಡುವುದೂ ಪರಿಸರ, ಕೋರ್ಟಿಗೆ ಹೋಗುವುದೂ ಪರಿಸರ, ರಸ್ತೆಯಲ್ಲಿ ಕೂರುವುದೂ ಪರಿಸರ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಬಿಡುತ್ತೇವೆ. ಆದರೆ ಇವು ಬೇರೆ ಬೇರೆ ಕೆಲಸಗಳು. ಬೇಕಾಗುವ ಸಮಯ ಬೇರೆ, ಖರ್ಚು ಬೇರೆ, ಯಾರ ಮುನಿಸು ಕಟ್ಟಿಕೊಳ್ಳಬೇಕು ಎಂಬುದೂ ಬೇರೆ. ಕಾಪು, ಪಡುಬಿದ್ರಿ, ಸುರತ್ಕಲ್ ಕಡೆ ಇವುಗಳಲ್ಲಿ ಕೆಲವನ್ನು ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಅವಳಿಗೂ ಅವಳಂಥವರಿಗೂ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಿಮಗೆ ಯಾವುದು ಇಷ್ಟ ಎಂದು ಯೋಚಿಸುವ ಮೊದಲು ಸಮಸ್ಯೆ ಯಾವ ಹಂತದಲ್ಲಿದೆ ಎಂದು ನೋಡಿ. ಯೋಜನೆ ಇನ್ನೂ ಕಾಗದದಲ್ಲಿದೆಯಾ? ಮಂಜೂರಾಗಿದೆಯಾ? ಜೆಸಿಬಿ ಬಂದು ನಿಂತಿದೆಯಾ? ಹಾನಿ ಆಗಿಹೋಗಿದೆಯಾ? ಅಥವಾ ಹಾನಿ ಮಾಡುತ್ತಿರುವುದು ನಾವೇನಾ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ನಾನು ಕಂಡ ದೊಡ್ಡ ನಷ್ಟಗಳಲ್ಲಿ ಹೆಚ್ಚಿನವು ಜನರಿಗೆ ಧೈರ್ಯ ಇಲ್ಲದೆ ಆದವಲ್ಲ. ಒಂದು ಹಂತದಲ್ಲಿ ಮಾಡಬೇಕಾದ ಕೆಲಸವನ್ನು ಮುಂದಿನ ಹಂತದಲ್ಲಿ ಮಾಡಲು ಹೋಗಿ ಆದವು.

ಬೀದಿಗಿಳಿಯುವ ದಾರಿ

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿ ನಿಂತರು. ಹಿಮಾಲಯದಲ್ಲಿ ಹೀಗೇ ಮರ ಅಪ್ಪುವ ಚಿಪ್ಕೊ ಚಳವಳಿ ಶುರುವಾಗಿ ಆಗ ಹತ್ತು ವರ್ಷ. ನಮ್ಮಲ್ಲಿ ಇದಕ್ಕೆ ಅಪ್ಪಿಕೊ ಎಂದು ಹೆಸರು. ಅಪ್ಪಿಕೊ ಗೆದ್ದದ್ದು ಹೇಗೆ ಎಂದು ನೋಡಿದರೆ, ಅಲ್ಲಿ ಕೊಡಲಿ ಕಣ್ಣ ಮುಂದೆಯೇ ಇತ್ತು. ಮರವನ್ನು ತಬ್ಬಿಕೊಂಡರೆ ಆ ಹೊತ್ತಿಗೆ ಆ ಮರ ಉಳಿಯುತ್ತಿತ್ತು. ತಬ್ಬಿದವರಿಗೂ ಆ ಕಾಡಿನ ಸೊಪ್ಪು, ಸೌದೆ, ನೀರು ದಿನಾ ಬೇಕಿತ್ತು. ಹಾನಿ ಎದುರಿಗೇ ನಿಂತಿರುವಾಗ, ಅದನ್ನು ಇವತ್ತೇ ತಡೆಯಬೇಕಾದಾಗ, ಬೀದಿಯಷ್ಟು ಗಟ್ಟಿ ದಾರಿ ಬೇರೆ ಇಲ್ಲ.

ಇನ್ನು ಉಡುಪಿ ಜಿಲ್ಲೆಯ ನಂದಿಕೂರು ನೋಡಿ. 90ರ ದಶಕದಲ್ಲಿ ಅಲ್ಲಿ 1,000 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟಲು ಅಮೆರಿಕದ ಕೊಜೆಂಟ್ರಿಕ್ಸ್ ಬಂದಿತ್ತು. ಊರಿನವರು ವರ್ಷಗಟ್ಟಲೆ ವಿರೋಧಿಸಿದರು. 1999ರ ಕೊನೆಗೆ ಕಂಪನಿ ಕೈಬಿಟ್ಟು ಹೋಯಿತು. ಆ ದಿನದ ಸಂತೋಷ ನಮ್ಮ ಕಡೆಯ ಹಿರಿಯರಿಗೆ ಈಗಲೂ ನೆನಪಿದೆ. ಆದರೆ ಅದೇ ಆಸುಪಾಸಿನಲ್ಲಿ, ಎಲ್ಲೂರಿನಲ್ಲಿ, 2010ರಲ್ಲಿ ಬೇರೆ ಹೆಸರಿನ 1,200 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಶುರುವಾಯಿತು. ಕಂಪನಿ ಹೋಗಿತ್ತು, ಯೋಜನೆ ಹೋಗಿರಲಿಲ್ಲ. ಚಳವಳಿಯ ಶಕ್ತಿಯೂ ಮಿತಿಯೂ ಇದರಲ್ಲಿ ಎರಡೂ ಇವೆ. ಗೆದ್ದ ಮೇಲೆ ಕಾವಲು ಕೂರುವವರು ಬೇಕು, ಆ ಕೆಲಸಕ್ಕೆ ಘೋಷಣೆ ಕೂಗಿದವರೆಲ್ಲ ಉಳಿಯುವುದಿಲ್ಲ.

ಎತ್ತಿನಹೊಳೆಯ ಕತೆ ಇನ್ನೂ ಕಷ್ಟದ್ದು. ನೇತ್ರಾವತಿಗೆ ಬರುವ ಹೊಳೆಗಳಿಂದ 24 ಟಿಎಂಸಿ ನೀರನ್ನು ಪೂರ್ವಕ್ಕೆ ಒಯ್ಯುವ ಯೋಜನೆ. ಮಂಗಳೂರಿನಲ್ಲಿ ಬಂದ್ ಆಯಿತು, ಪಾದಯಾತ್ರೆ ಆಯಿತು. 2014ರಲ್ಲಿ ಶಂಕುಸ್ಥಾಪನೆ ಆಯಿತು, 2019ರಲ್ಲಿ ಪರಿಸರದ ಕೇಸು ಕೇಳುವ ಹಸಿರು ನ್ಯಾಯಮಂಡಳಿಯಲ್ಲಿ ವಿರೋಧದ ಅರ್ಜಿ ವಜಾ ಆಯಿತು, 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಚಾಲನೆಯೂ ಸಿಕ್ಕಿತು. ಇದನ್ನು ಕುಡಿಯುವ ನೀರಿನ ಯೋಜನೆ ಎಂದು ಹೇಳಿದ್ದರಿಂದ ಪರಿಸರ ಮಂಜೂರಾತಿಯೇ ಬೇಕಾಗಲಿಲ್ಲ. ಮಂಜೂರಾತಿ ಇಲ್ಲ ಎಂದರೆ ಅದರ ಜೊತೆ ನಡೆಯಬೇಕಾದ, ಊರಿನವರ ಮಾತು ಕೇಳುವ ಅಹವಾಲು ಸಭೆಯೂ ಇಲ್ಲ. ಮೊದಲ ಬಾಗಿಲೇ ಮುಚ್ಚಿದ್ದರಿಂದ ಬೀದಿ ಒಂದೇ ಉಳಿಯಿತು. ಇನ್ನೊಂದು ಮಾತನ್ನೂ ಹೇಳಬೇಕು. ಆ ಕಡೆ ಕೋಲಾರ, ಚಿಕ್ಕಬಳ್ಳಾಪುರದ ಜನ ನಿಜವಾಗಿಯೂ ಬಾಯಾರಿದ್ದರು. "ನಮ್ಮ ನದಿ" ಎಂದಷ್ಟೇ ಕೂಗಿದರೆ ಅವರ ಕಿವಿಗೆ ಅದು "ನಿಮಗೆ ನೀರು ಬೇಡ" ಎಂದು ಕೇಳಿಸುತ್ತದೆ. ಅವರ ಕೆರೆಗಳ ಬಗ್ಗೆ, ಅಲ್ಲಿನ ಮಳೆನೀರಿನ ಬಗ್ಗೆ ನಾವು ಇನ್ನಷ್ಟು ಮಾತಾಡಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಬೀದಿಯ ಖರ್ಚು ಹಣದ್ದಲ್ಲ, ಸಮಯದ್ದು ಮತ್ತು ಕೇಸಿನದ್ದು. ಪೊಲೀಸ್ ಕೇಸು ಬಿದ್ದರೆ ಕೋರ್ಟಿಗೆ ಅಲೆದಾಟ ವರ್ಷಗಟ್ಟಲೆ. ನಮ್ಮಲ್ಲಿ ಗಲ್ಫಿಗೆ ಹೋಗಲು ಕಾಯುವ ಹುಡುಗರು ಮನೆಮನೆಯಲ್ಲಿ ಇದ್ದಾರೆ. ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಶನ್ ಹೊತ್ತಿಗೆ ಇದು ಎದುರಿಗೆ ಬರುತ್ತದೆ. ಅಂಥವರನ್ನು ಮುಂದಿನ ಸಾಲಿಗೆ ದೂಡಬೇಡಿ. ನಮ್ಮಂಥ ವಯಸ್ಸಾದವರು ಮುಂದೆ ಕೂರಬಹುದು.

ಚುನಾವಣೆಗೆ ನಿಲ್ಲುವುದೂ ಒಂದು ದಾರಿಯೇ. ಕೋಟದ ಶಿವರಾಮ ಕಾರಂತರು 1989ರಲ್ಲಿ, 87ನೇ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರದ ವಿರೋಧವನ್ನೇ ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು, ಸೋತರು. ಸ್ಥಾವರ ಬಂತು. ಆದರೂ ಪರಿಸರವನ್ನು ಮತ ಕೇಳುವ ವಿಷಯ ಮಾಡಿದ್ದು ಸಣ್ಣದಲ್ಲ. ಪಂಚಾಯತ್ ಮಟ್ಟದಲ್ಲಾದರೆ ಈ ದಾರಿ ಇವತ್ತಿಗೂ ನಡೆಯುವಂಥದ್ದು.

ಕಾಗದ ಓದುವ ದಾರಿ

ನನ್ನನ್ನು ಕೇಳಿದರೆ ನಮ್ಮ ಕರಾವಳಿಯಲ್ಲಿ ಜನ ಕಡಿಮೆ ಇರುವುದು ಇಲ್ಲೇ.

ದೊಡ್ಡ ಕಾರ್ಖಾನೆ, ಸ್ಥಾವರ, ಗಣಿ ಬರುವಾಗ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಹೆಚ್ಚಿನವಕ್ಕೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಪರಿಸರ ಪರಿಣಾಮ ವರದಿಯ ಕರಡು ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯತಿನಲ್ಲಿ ಓದಲು ಸಿಗಬೇಕು. ಅದರ ಸಾರಾಂಶ ಕನ್ನಡದಲ್ಲೂ ಇರುತ್ತದೆ. ಸಭೆಗೆ ಇಂತಿಷ್ಟೇ ಜನ ಬರಬೇಕೆಂಬ ನಿಯಮವಿಲ್ಲ. ಹತ್ತು ಜನ ಬಂದರೂ ಸಭೆ ನಡೆದ ಹಾಗೆಯೇ. ಅಂದರೆ ನೀವು ಬಹಿಷ್ಕಾರ ಹಾಕಿ ಮನೆಯಲ್ಲಿ ಕೂತರೂ ಸಭೆ ಆಗಿಹೋಗುತ್ತದೆ. ಇದನ್ನು ತಿಳಿಯದೆ ಬಹಿಷ್ಕರಿಸಿದವರನ್ನು ನೋಡಿದ್ದೇನೆ. ತುಂಬ ಸಂಕಟವಾಗುತ್ತದೆ.

ನಾನು ಹೋಗಿದ್ದ ಒಂದು ಸಭೆಯನ್ನು ಹೇಳುತ್ತೇನೆ. ಹೈಸ್ಕೂಲಿನ ಮೈದಾನದಲ್ಲಿ ಶಾಮಿಯಾನ, ಕೆಂಪು ಪ್ಲಾಸ್ಟಿಕ್ ಕುರ್ಚಿ, ಎರಡು ಮೈಕ್. ಮೊದಲ ಒಂದು ಗಂಟೆ ಬರೀ ಗಲಾಟೆ. "ಬೇಡವೇ ಬೇಡ" ಎಂದು ಒಂದು ಕಡೆ, "ಕೆಲಸ ಬೇಕು" ಎಂದು ಇನ್ನೊಂದು ಕಡೆ. ಆಮೇಲೆ ಹಿಂದಿನ ಸಾಲಿನಿಂದ ಬೀಡಿ ಕಟ್ಟುವ ಒಬ್ಬ ಅಕ್ಕ ಎದ್ದರು. ಕೈಯಲ್ಲಿ ಗೋಡೆಯ ಕ್ಯಾಲೆಂಡರಿನ ಹಾಳೆಗಳು, ಉರುಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಊರಿನ ಬಾವಿ ನೀರನ್ನು ನೀವು ಯಾವ ತಿಂಗಳಲ್ಲಿ ಪರೀಕ್ಷೆ ಮಾಡಿದ್ದು?"

ಕಂಪನಿಯ ಪರವಾಗಿ ವರದಿ ಬರೆದವರು ಪುಟ ತಿರುಗಿಸಿದರು. ಅಕ್ಟೋಬರ್. ಮಳೆ ನಿಂತು ಬಾವಿಗಳೆಲ್ಲ ತುಂಬಿರುವ ತಿಂಗಳು. ವರದಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಇದ್ದರೆ ಸಾಕು, ಹಾಗಾಗಿ ಅವರು ಮಾಡಿದ್ದು ತಪ್ಪೇನೂ ಅಲ್ಲ. ಅಕ್ಕ ಹಾಳೆ ಬಿಚ್ಚಿದರು. ಪ್ರತಿ ವರ್ಷ ಬಾವಿಯ ತಳ ಕಂಡ ದಿನಕ್ಕೆ ಒಂದು ಸುತ್ತು, ನೀರು ಸಪ್ಪೆಯಿಂದ ಉಪ್ಪಾದ ದಿನಕ್ಕೆ ಒಂದು ಅಡ್ಡಗೆರೆ. ಆರು ವರ್ಷದ್ದು. "ಏಪ್ರಿಲ್ ಕೊನೆಗೆ ಬನ್ನಿ. ನಿಮ್ಮ ಪೈಪು ಭೂಮಿಯಿಂದ ನೀರು ಎಳೆಯುವುದಾದರೆ ನಮಗೆ ಉಪ್ಪು ನೀರು ಮಾರ್ಚಿಯಲ್ಲೇ ಬರುತ್ತದೆ" ಎಂದರು. ಮೈದಾನ ಸುಮ್ಮನಾಯಿತು. ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಓದುವಾಗ ಅವರ ಮಾತು ಬಿಟ್ಟುಹೋಗಿತ್ತು. ನಾವು ನಾಲ್ಕು ಜನ ಎದ್ದು ಸೇರಿಸಲು ಹೇಳಿದೆವು, ಸೇರಿಸಿದರು. ಮುಂದೆ ಮಂಜೂರಾತಿ ಬಂದಾಗ ಬೇಸಿಗೆಯಲ್ಲೂ ಸುತ್ತಲಿನ ಬಾವಿ ನೀರು ಪರೀಕ್ಷಿಸಬೇಕೆಂಬ ಷರತ್ತು ಅದರಲ್ಲಿತ್ತು. ಯೋಜನೆ ನಿಲ್ಲಲಿಲ್ಲ. ಆದರೆ ಆ ಷರತ್ತು ಇಲ್ಲದಿದ್ದರೆ ಆಮೇಲೆ ಏನನ್ನು ಹಿಡಿದು ಕೇಳುವುದು?

ಮಂಜೂರಾತಿ ಪತ್ರ ಬಂದ ಮೇಲೂ ಕೆಲಸ ಉಳಿದಿರುತ್ತದೆ. ಷರತ್ತುಗಳನ್ನು ಪಾಲಿಸಿದ ಬಗ್ಗೆ ಕಂಪನಿ ಪ್ರತಿ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ಅವು ಸಾರ್ವಜನಿಕ ದಾಖಲೆಗಳು. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಸಿಟ್ಟನ್ನೆಲ್ಲ ಅದರಲ್ಲಿ ಬರೆಯಬೇಡಿ. ಯಾವ ವರದಿ, ಯಾವ ವರ್ಷದ್ದು, ಅಷ್ಟೇ ಸಾಕು.

ಬರೆದಿಡುವುದರ ಬೆಲೆ ಎಂಥದ್ದು ಎಂಬುದಕ್ಕೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಕತೆಗಿಂತ ದೊಡ್ಡ ಉದಾಹರಣೆ ನಮ್ಮಲ್ಲಿ ಇಲ್ಲ. ಕಾಸರಗೋಡಿನ ಪಡ್ರೆ ಸುತ್ತ, ಬೆಳ್ತಂಗಡಿ ತಾಲೂಕಿನ ಕೊಕ್ಕಡ ಸುತ್ತ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ವರ್ಷಗಟ್ಟಲೆ ವಿಷ ಸುರಿದರು. ಕರುಗಳು ಅಂಗ ಊನವಾಗಿ ಹುಟ್ಟುತ್ತಿವೆ ಎಂದು ಪತ್ರಕರ್ತ ಶ್ರೀಪಡ್ರೆ 80ರ ದಶಕದ ಆರಂಭದಲ್ಲೇ ಬರೆದಿದ್ದರು. ಊರಿನ ವೈದ್ಯರು ರೋಗಿಗಳ ಲೆಕ್ಕ ಇಟ್ಟರು. ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಎಷ್ಟು ತಡ! ಆದರೆ ಆ ಲೆಕ್ಕ ಯಾರೂ ಇಡದಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಈ ದಾರಿಗೆ ಬೇಕಾದದ್ದು ವಾರಕ್ಕೆ ಮೂರು ನಾಲ್ಕು ಗಂಟೆ, ತಾಳ್ಮೆ, ಇಂಗ್ಲಿಷ್ ವರದಿ ಓದಿ ಊರಿನವರಿಗೆ ಕನ್ನಡದಲ್ಲೋ ತುಳುವಿನಲ್ಲೋ ಹೇಳುವವರು. ಕಾಲೇಜು ಮುಗಿಸಿದ ಮಕ್ಕಳು ಇಲ್ಲಿಗೆ ಬಂದರೆ ಎಷ್ಟು ದೊಡ್ಡ ಉಪಕಾರ! ಚಪ್ಪಾಳೆ ಸಿಗುವುದಿಲ್ಲ, ಫೋಟೋ ಬರುವುದಿಲ್ಲ.

ನ್ಯಾಯಾಲಯ

ಕೋರ್ಟಿಗೆ ಹೋಗುವುದನ್ನು ಕೊನೆಯ ಅಸ್ತ್ರ ಎನ್ನುತ್ತಾರೆ. ಆದರೆ ಗಡಿಯಾರ ನೋಡಿದರೆ ಅದನ್ನು ಕೊನೆಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಪರಿಸರ ಮಂಜೂರಾತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ. ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ. ಅದರಾಚೆ ಒಂದು ದಿನವೂ ಇಲ್ಲ. ಧರಣಿ ಕೂತು, ಮನವಿ ಕೊಟ್ಟು, ಮಂತ್ರಿಯ ಭರವಸೆಗೆ ಕಾದು ನೂರನೇ ದಿನ ವಕೀಲರ ಹತ್ತಿರ ಹೋದರೆ ಅವರು ತಲೆ ಅಲ್ಲಾಡಿಸುತ್ತಾರೆ. ನಮ್ಮ ಪ್ರಕರಣಗಳು ಹೋಗುವುದು ಚೆನ್ನೈ ಪೀಠಕ್ಕೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಖರ್ಚಾಗುವುದು ಶುಲ್ಕಕ್ಕಲ್ಲ, ವಕೀಲರಿಗೆ, ನೀರು ಮಣ್ಣಿನ ಪರೀಕ್ಷೆಗೆ, ಓಡಾಟಕ್ಕೆ.

ಗೆದ್ದರೆ ಮಾತ್ರ ಗೆಲುವು ಗಟ್ಟಿ. ಕುದುರೆಮುಖದ ಕಬ್ಬಿಣದ ಅದಿರು ಕೊಳವೆಯಲ್ಲಿ ಕೆಸರಾಗಿ ಹರಿದು ಬರುತ್ತಿದ್ದದ್ದು ನಮ್ಮ ಪಣಂಬೂರಿಗೇ. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು, 2005ರ ಕೊನೆಗೆ ಗಣಿ ನಿಂತಿತು, ಆ ಕಾಡು ಉಳಿಯಿತು. ಅಲ್ಲಿ ಕೆಲಸಕ್ಕಿದ್ದವರ ಮನೆಗಳು ಖಾಲಿಯಾದವು, ಅದೂ ನಿಜ, ಅದನ್ನು ಮರೆಯಬಾರದು. ಎಲ್ಲೂರಿನ ಸ್ಥಾವರದ ವಿಷಯದಲ್ಲೂ ಊರಿನ ಸಮಿತಿಯವರು ಬಿಡದೆ ಕೇಸು ನಡೆಸಿದರು. 2022ರಲ್ಲಿ ಹಸಿರು ನ್ಯಾಯಮಂಡಳಿ 52 ಕೋಟಿ ರೂಪಾಯಿ ಪರಿಹಾರ ಕಟ್ಟಲು ಆದೇಶಿಸಿತು. ಅಷ್ಟರಲ್ಲಿ ಸ್ಥಾವರ ಶುರುವಾಗಿ ಹನ್ನೆರಡು ವರ್ಷ ಕಳೆದಿತ್ತು.

ಕೋರ್ಟಿನಲ್ಲಿ ನಿಲ್ಲುವುದು ಕಾಗದ. ಅಹವಾಲು ಸಭೆಯಲ್ಲಿ ನೀವು ಕೊಟ್ಟ ಲಿಖಿತ ಆಕ್ಷೇಪ, ಸೀಲು ಬಿದ್ದ ಅದರ ಪ್ರತಿ, ದಿನಾಂಕ ಹಾಕಿದ ಫೋಟೋ. ಆದ್ದರಿಂದ ಹಿಂದಿನ ದಾರಿ ಇಲ್ಲದೆ ಈ ದಾರಿ ಇಲ್ಲ.

ಬಜಪೆ ಕಡೆಯ ಎಕ್ಕಾರು, ಪೆರ್ಮುದೆ, ಕುತ್ತೆತ್ತೂರಿನ ರೈತರು ವಿಶೇಷ ಆರ್ಥಿಕ ವಲಯದ ಎರಡನೇ ಹಂತಕ್ಕೆ ಜಾಗ ಕೊಡುವುದಿಲ್ಲ ಎಂದು ನಿಂತಾಗ ಬೀದಿ, ಕಾಗದ ಎರಡನ್ನೂ ಒಟ್ಟಿಗೆ ನಡೆಸಿದರು. 2011ರಲ್ಲಿ ಸರಕಾರ ಎರಡು ಸಾವಿರಕ್ಕೂ ಹೆಚ್ಚು ಎಕರೆಯ ಸ್ವಾಧೀನ ಕೈಬಿಟ್ಟಿತು. ಕರಾವಳಿಯ ಹೋರಾಟಗಳಲ್ಲಿ ನನಗೆ ತುಂಬ ಹೆಮ್ಮೆ ತಂದದ್ದು ಇದು.

ಹೆಕ್ಕುವುದು, ಕಡಿಮೆ ಮಾಡುವುದು

2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಪಕ್ಕದ ಮಂದಾರ ಎಂಬ ಊರಿನ ಮೇಲೆ ಬಂತು. ಅಡಿಕೆ ತೋಟ, ತೆಂಗು, ಮನೆ, ಬನ ಎಲ್ಲವೂ ಅದರಡಿಗೆ. ಅಲ್ಲಿನ ಫೋಟೋಗಳಲ್ಲಿ ಅಡಿಕೆ ಮರದ ತಲೆ ಮಾತ್ರ ಕಾಣುತ್ತಿತ್ತು. ಅದರಲ್ಲಿ ಹೊರಗಿನ ಕಂಪನಿಯ ಕಸ ಇರಲಿಲ್ಲ. ನಾವು ಗಂಟು ಕಟ್ಟಿ ಗೇಟಿನ ಹೊರಗೆ ಇಟ್ಟ ಚೀಲಗಳೇ. ಇಂಥ ಹಾನಿಗೆ ಧರಣಿ ಕೂತು ಏನು ಕೇಳುವುದು? ಇಲ್ಲಿ ಮನೆಯ ಅಡುಗೆಕೋಣೆಯೇ ದಾರಿ.

ನಮ್ಮಲ್ಲಿ ರಾಮಕೃಷ್ಣ ಮಿಷನ್ 2015ರಿಂದ ನಡೆಸಿದ ಸ್ವಚ್ಛ ಮಂಗಳೂರು ಅಭಿಯಾನ ಆದಿತ್ಯವಾರದ ಶ್ರಮದಾನವನ್ನು ಊರಿಗೆ ಅಭ್ಯಾಸ ಮಾಡಿಸಿತು. ಮಡಕೆ ಗೊಬ್ಬರವೂ ಹಾಗೆಯೇ ಮನೆಗಳಿಗೆ ಬಂತು. ನಾನು ಮಾಡಲು ಶುರು ಮಾಡಿದಾಗ ಮೊದಲ ಮಡಕೆ ಹುಳ ಬಿದ್ದು ನಾರಿತು. ಸೊಸೆ ಮೂಗು ಮುಚ್ಚಿಕೊಂಡಳು. ತಪ್ಪು ಆದದ್ದು ನೀರಿನಲ್ಲಿ. ನಮ್ಮ ಅಡುಗೆಯ ಕಸದಲ್ಲಿ ತೇವ ಜಾಸ್ತಿ, ಮಳೆಗಾಲದ ಗಾಳಿಯಲ್ಲೂ ಜಾಸ್ತಿ. ಒಂದು ಹಿಡಿ ಕಸಕ್ಕೆ ಎರಡು ಹಿಡಿ ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ಹಾಕಿ, ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿದ ಮೇಲೆ ಸರಿಯಾಯಿತು. ಒಣ ಎಲೆಯನ್ನು ಮೇ ತಿಂಗಳಲ್ಲೇ ಗೋಣಿಯಲ್ಲಿ ತುಂಬಿಡಬೇಕು, ಜೂನಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಬೀಚ್ ಕ್ಲೀನಿಂಗ್ ಬಗ್ಗೆ ನನ್ನ ಅಭಿಪ್ರಾಯ: ಶುರು ಮಾಡಲು ತುಂಬ ಒಳ್ಳೆಯದು, ಅಷ್ಟಕ್ಕೇ ನಿಂತರೆ ಸಾಲದು. ಆದಿತ್ಯವಾರ ಹೆಕ್ಕಿದ ಜಾಗಕ್ಕೆ ಮಳೆಗಾಲದಲ್ಲಿ ಬುಧವಾರವೇ ಮತ್ತೆ ಬಂದಿರುತ್ತದೆ. ಹೊಳೆಗಳೆಲ್ಲ ತಂದು ಸುರಿಯುವುದು ಅಲ್ಲಿಗೇ ಅಲ್ವಾ. ಸುಮ್ನೆ ಹೆಕ್ಕಿ ಬರುವ ಬದಲು ಏನು ಸಿಕ್ಕಿತು ಎಂದು ಬರೆದಿಡಿ. ಬಲೆಯ ತುಂಡು ಎಷ್ಟು, ಥರ್ಮಾಕೋಲ್ ಎಷ್ಟು, ಹಾಲಿನ ಪ್ಯಾಕೆಟ್ ಎಷ್ಟು, ಮದುವೆ ಹಾಲ್‌ನ ನೀರಿನ ಬಾಟ್ಲಿ ಎಷ್ಟು. ಆರು ತಿಂಗಳ ಲೆಕ್ಕ ಹಿಡಿದು ಪಂಚಾಯತಿಗೆ ಹೋದರೆ ಮಾತಿಗೆ ತೂಕ ಬರುತ್ತದೆ. ಪಡುಬಿದ್ರಿಯ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಅಲ್ಲಿ ಸ್ವಚ್ಛತೆ ನಿಂತಿರುವುದು ದಿನಾ ಸಂಬಳಕ್ಕೆ ಕೆಲಸ ಮಾಡುವವರಿಂದ, ನೀರಿನ ಪರೀಕ್ಷೆಯಿಂದ. ಸ್ವಯಂಸೇವಕರ ಉತ್ಸಾಹವೊಂದರಿಂದ ಅಷ್ಟು ಆಗುವುದಿಲ್ಲ.

ಬನ ಉಳಿಸುವ ದಾರಿ

ಇದನ್ನು ಯಾರೂ ಚಳವಳಿ ಎನ್ನುವುದಿಲ್ಲ. ನನಗೆ ಮಾತ್ರ ಇದರಷ್ಟು ನಮ್ಮದಾದ ದಾರಿ ಇನ್ನೊಂದಿಲ್ಲ ಅನಿಸುತ್ತದೆ.

ನನ್ನ ತಾಯಿಯ ಮನೆಯ ನಾಗಬನ ಹತ್ತು ಸೆಂಟ್ಸು ಇರಬಹುದು. ರೆಂಜೆ, ಸುರಗಿ, ಹೊನ್ನೆ, ಒಂದು ದೊಡ್ಡ ಹಾಳೆ ಮರ. ಆಟಿ ಅಮಾವಾಸ್ಯೆಗೆ ಅದರ ಕೆತ್ತೆಯ, ಅಂದರೆ ತೊಗಟೆಯ, ಕಷಾಯವನ್ನೇ ಎಲ್ಲರೂ ಕುಡಿಯುವುದು. ಮಾರ್ಚಿಯಲ್ಲಿ ಒಳಗೆ ಹೋದರೆ ಕಾಲ ಕೆಳಗಿನ ಎಲೆ ಒಣಗಿ ಸದ್ದು ಮಾಡುತ್ತದೆ, ಅದರಡಿಯ ಮಣ್ಣು ತಣ್ಣಗೆ. ಪಕ್ಕದ ಬಾವಿಯಲ್ಲಿ ಮೇ ತಿಂಗಳಲ್ಲೂ ನೀರಿರುತ್ತದೆ. ಕೆಲವು ವರ್ಷಗಳ ಹಿಂದೆ ಜೀರ್ಣೋದ್ಧಾರದ ಮಾತು ಬಂತು. ಮುಂಬಯಿಯಲ್ಲಿರುವ ಕುಟುಂಬದವರು ಹಣ ಹಾಕಲು ತಯಾರಿದ್ದರು. ಮರ ತೆಗೆದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಸುತ್ತ ಇಂಟರ್‌ಲಾಕ್. ಈಗ ಎಲ್ಲ ಕಡೆ ಮಾಡುವ ಹಾಗೆ.

ಸಭೆಯಲ್ಲಿ ಒಬ್ಬ ಮಾವ ಹೇಳಿದರು, ಎಲೆ ಬಿದ್ದು ಗಲೀಜು, ಹಾವು ಬರುತ್ತದೆ, ಮಕ್ಕಳಿಗೆ ಹೆದರಿಕೆ. ಎಂಬತ್ತು ದಾಟಿದ ನಮ್ಮ ಅಜ್ಜಿ ಅಷ್ಟು ಹೊತ್ತು ಸುಮ್ಮನೆ ಕೂತಿದ್ದವರು, "ಹಾವು ಬರಲಿ ಎಂದೇ ಅಲ್ವಾ ಮಗ ಬನ ಬಿಟ್ಟದ್ದು?" ಎಂದರು. ಮಾವ ಆಮೇಲೆ ಮಾತಾಡಲಿಲ್ಲ. ಕಲ್ಲಿನ ಸುತ್ತ ಮಾತ್ರ ಕೆಂಪುಕಲ್ಲಿನ ಸಣ್ಣ ಕಟ್ಟೆ ಆಯಿತು, ಮರಗಳು ಉಳಿದವು.

ಹೊರಗಿನಿಂದ ಹತ್ತು ಪರಿಸರವಾದಿಗಳು ಬಂದು ಹೇಳಿದ್ದರೆ ಇದು ಆಗುತ್ತಿರಲಿಲ್ಲ. ದೇವರ ವಿಷಯ ಎಂದು ಎದ್ದು ನಿಲ್ಲುತ್ತಿದ್ದರು. ಹಾಗಾಗಿ ಈ ದಾರಿ ಹಿಡಿಯುವುದಾದರೆ ನಿಮ್ಮದೇ ಕುಟುಂಬದ ಬನದಿಂದ ಶುರು ಮಾಡಿ. ಪೂಜೆಗೆ ಬರುವ ಭಟ್ಟರನ್ನು ಮೊದಲೇ ಕಂಡು ಮಾತಾಡಿ. ಹಣ ಕೊಡುವವರಿಗೂ ಒಂದು ಕೆಲಸ ತೋರಿಸಿ: ಬನದ ಸುತ್ತ ಕೆಂಪುಕಲ್ಲಿನ ಆವರಣ, ಇಲ್ಲವೇ ಸತ್ತ ಮರದ ಜಾಗಕ್ಕೆ ಸುರಗಿ ಗಿಡ. ಕೊಡಬೇಕೆಂಬ ಮನಸ್ಸು ಇರುತ್ತದೆ, ಎಲ್ಲಿಗೆ ಎಂದು ಹೇಳುವವರು ಬೇಕು.

ಗದ್ದೆಯೂ ಇದೇ ಸಾಲಿನದ್ದು. 2021ರಲ್ಲಿ ಉಡುಪಿಯಲ್ಲಿ ಹಡಿಲು ಬಿದ್ದ, ಅಂದರೆ ಬೇಸಾಯ ಬಿಟ್ಟ, ಗದ್ದೆಗಳನ್ನು ಮತ್ತೆ ನಾಟಿ ಮಾಡುವ ಅಭಿಯಾನ ನಡೆಯಿತು. ಮಳೆಗಾಲದ ಏಣೆಲು ಬೆಳೆಗೆ ಬೈಲಿನಲ್ಲಿ ನೀರು ನಿಂತರೆ ಅದು ಇಂಗಿ ಬಾವಿಗೆ ಬರುತ್ತದೆ. ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಳು ಸಿಗುವುದಿಲ್ಲ, ಲಾಭ ಇಲ್ಲ, ಅದೇ ಕಷ್ಟ.

ಹಾಗಾದರೆ ಯಾರಿಗೆ ಯಾವುದು?

ಮನೆಯಲ್ಲಿ ಸಣ್ಣ ಮಕ್ಕಳಿದ್ದು ಹೊರಗೆ ಹೋಗಲು ಆಗದವರು ಮಡಕೆಯಿಂದ ಶುರು ಮಾಡಿ, ಬಾವಿಯ ಲೆಕ್ಕ ಇಡಿ. ಜಾಗ, ತರವಾಡು (ಕುಟುಂಬದ ಮೂಲಮನೆ), ದೈವಸ್ಥಾನದ ಸಮಿತಿಯಲ್ಲಿ ಮಾತು ನಡೆಯುವವರು ಬನದ ಕಡೆ ನೋಡಿ, ನಿಮ್ಮ ಒಂದು ಮಾತಿಗೆ ಅಲ್ಲಿ ಬೆಲೆ ಇದೆ. ಬ್ಯಾಂಕು, ಶಾಲೆ, ಸರಕಾರಿ ಕೆಲಸದಿಂದ ನಿವೃತ್ತರಾದವರು ಕಾಗದಕ್ಕೆ ಬನ್ನಿ. ಫೈಲು ಓದುವ ಅಭ್ಯಾಸ ನಿಮಗಿದೆ, ಹಗಲು ಹೊತ್ತಿನಲ್ಲಿ ಕಚೇರಿಗೆ ಹೋಗುವ ಬಿಡುವೂ ಇದೆ. ಊರಿನಲ್ಲಿ ಜೆಸಿಬಿ ಬಂದು ನಿಂತಾಗಿದೆ ಎಂದರೆ ಉಳಿದದ್ದೆಲ್ಲ ಆಮೇಲೆ, ಮೊದಲು ಎಲ್ಲರೂ ಅಲ್ಲಿಗೆ ಹೋಗಿ ನಿಲ್ಲಿ. ಆದರೆ ಅದೇ ಸಂಜೆ ಇಬ್ಬರು ಕೂತು ಮಂಜೂರಾತಿಯ ದಿನಾಂಕ ಯಾವುದು, 30 ದಿನ ಎಲ್ಲಿಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿ.

ತಂಗಿಯ ಮಗಳಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು. ತಿಂಗಳಿಗೆ ಎರಡು ಆದಿತ್ಯವಾರ ಬೀಚಿಗೆ ಹೋಗು, ಜನರ ಗುರುತಾಗುತ್ತದೆ, ಕೈಗೆ ಕೆಲಸ ಇರುತ್ತದೆ. ಉಳಿದ ಎರಡರಲ್ಲಿ ನಿನ್ನ ಕೋಣೆಯ ಸುತ್ತಮುತ್ತಲಿನ ಒಂದು ಕಾರ್ಖಾನೆಯ ಮಂಜೂರಾತಿ ಪತ್ರ ತೆಗೆದು ಓದು. ಷರತ್ತುಗಳು ಮೂವತ್ತೋ ನಲವತ್ತೋ ಇರುತ್ತವೆ. ಒಂದನ್ನು ಆರಿಸಿಕೊ, ಅದೊಂದರ ಹಿಂದೆ ಒಂದು ವರ್ಷ ಬೀಳು.

ಹೋಗುವಾಗ ಅವಳು ನಮ್ಮ ಅಡುಗೆಕೋಣೆಯ ಗೋಡೆಯಲ್ಲಿದ್ದ ಹಳೇ ಕ್ಯಾಲೆಂಡರ್ ಕೇಳಿ ತೆಗೆದುಕೊಂಡಳು. ಅದರಲ್ಲಿ ಹೋದ ಬೇಸಿಗೆಯ ನಮ್ಮ ಬಾವಿಯ ಸುತ್ತುಗಳಿದ್ದವು.